ಯುದ್ಧದ ನ್ಯಾಯವೂ ಯುದ್ಧದ ಲೆಕ್ಕವೂ



ಯುದ್ಧವು ಎಂದಾದರೂ ನ್ಯಾಯವಾದುದಾಗಬಲ್ಲುದೇ ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಪಂಡಿತರಿಗೆ ಬಿಟ್ಟುಬಿಡುತ್ತೇವೆ. ಯುದ್ಧದಿಂದ ಯಾರಿಗೆ ಲಾಭವಾಯಿತೆಂಬ ಪ್ರಶ್ನೆಯನ್ನು ಅಂಗಡಿಯ ಜಗಲಿಯಲ್ಲಿ ಕುಳಿತವರಿಗೆ ಬಿಡುತ್ತೇವೆ. ಒಂದು ಧರ್ಮಶಾಸ್ತ್ರದ ವಿಷಯ, ಮತ್ತೊಂದು ವ್ಯಾಪಾರದ ವಿಷಯ ಎಂದು ನಮ್ಮ ಎಣಿಕೆ. ಇವೆರಡನ್ನೂ ಒಂದೇ ಜಗಲಿಯಲ್ಲಿ ಕೂರಿಸಿ ಮಾತನಾಡಿಸಿದರೆ ಏನಾಗುವುದೆಂಬುದನ್ನು ಈ ಹೊತ್ತು ಸ್ವಲ್ಪ ನೋಡೋಣ.

ನಮ್ಮ ಹಿರಿಯರು ಇವನ್ನು ಬೇರೆ ಬೇರೆಯಾಗಿ ಇಟ್ಟವರಲ್ಲ. ಭಾರತದ ಉದ್ಯೋಗಪರ್ವವನ್ನು ನೆನೆಯಿರಿ. ಅರ್ಧರಾಜ್ಯದಿಂದ ಹೊರಟ ಮಾತು ಐದು ಗ್ರಾಮಗಳವರೆಗೆ ಇಳಿಯಿತು. ಸಂಧಿಗೆಂದು ಹೋದವನು ಸಾಕ್ಷಾತ್ ಶ್ರೀಕೃಷ್ಣನೇ. ಅಷ್ಟಾದ ಮೇಲೆಯೂ ಸೂಜಿಯ ಮೊನೆಯಷ್ಟು ನೆಲವೂ ಇಲ್ಲವೆಂಬ ಉತ್ತರ ಬಂದಿತು. ಆಗ ಯುದ್ಧವು ಧರ್ಮ್ಯವಾಯಿತು. ಆದರೆ ಗೆದ್ದ ಧರ್ಮರಾಯನು ಶಾಂತಿಪರ್ವದಲ್ಲಿ ಸಿಂಹಾಸನದತ್ತ ನೋಡಲಾರದೆ ಕಾಡಿಗೆ ಹೋಗುತ್ತೇನೆನ್ನುತ್ತಾನೆ. ಲಾಭ ಪಡೆದವನಿಗೇ ಲಾಭವು ಬೇಡವಾಯಿತು. ಇದು ಕವಿಯ ಲೆಕ್ಕ ಎನ್ನುವವರು ಕೌಟಿಲ್ಯನ ಲೆಕ್ಕವನ್ನು ನೋಡಬಹುದು. ಅರ್ಥಶಾಸ್ತ್ರವನ್ನು ಲೋಕಕ್ಕೆ ಮರಳಿ ಕೊಟ್ಟುದು ನಮ್ಮ ಮೈಸೂರೇ. ಇಲ್ಲಿಯ ಓರಿಯೆಂಟಲ್ ಲೈಬ್ರರಿಗೆ ಬಂದ ಓಲೆಯ ಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು ಪರಿಶೋಧಿಸಿ 1909ರಲ್ಲಿ ಅಚ್ಚು ಹಾಕಿಸಿದರು. ದಯಾದಾಕ್ಷಿಣ್ಯದ ಮಾತನ್ನೇ ಆಡದ ಆ ಗ್ರಂಥವು ಕೂಡ, ಸಂಧಿಯಿಂದಲೂ ವಿಗ್ರಹದಿಂದಲೂ ಬರುವ ವೃದ್ಧಿಯು ಸಮನಾಗಿದ್ದರೆ ಸಂಧಿಯನ್ನೇ ಹಿಡಿಯತಕ್ಕದ್ದೆಂದು ಹೇಳುತ್ತದೆ. ವಿಗ್ರಹದಲ್ಲಿ ಜನನಷ್ಟ, ಧನನಷ್ಟ, ಮನೆಬಿಟ್ಟು ಅಲೆಯುವ ಕಷ್ಟ ಎಲ್ಲವೂ ಇರುವುದೇ ಅದಕ್ಕೆ ಕಾರಣ.

ಆದರೆ ಕೌಟಿಲ್ಯನ ತಕ್ಕಡಿಯಲ್ಲಿ ಒಂದು ತೊಡಕುಂಟು. ವೃದ್ಧಿಯು ಯಾರದು, ಕ್ಷಯವು ಯಾರದು? ರಾಜನೊಬ್ಬನೇ ಎರಡನ್ನೂ ಅನುಭವಿಸುವನೆಂದು ಅವನ ಭಾವನೆ. ಲಾಭವು ಒಬ್ಬನ ಮನೆಗೂ ನಷ್ಟವು ಮತ್ತೊಬ್ಬನ ಮನೆಗೂ ಹೋಗುವಾಗ ತಕ್ಕಡಿ ಹಿಡಿಯುವವನು ಯಾರು? ಇದನ್ನು ಗಾಳಿಯಲ್ಲಿ ಚರ್ಚಿಸುವುದರ ಬದಲು ನಾವು ನೀವೆಲ್ಲ ಕಂಡಿರುವ ಒಂದು ಊರಿಗೆ ಹೋಗೋಣ. ಆ ಊರು ಶ್ರೀರಂಗಪಟ್ಟಣ, ವರ್ಷ 1799.

ಆ ಯುದ್ಧಕ್ಕೆ ಹೇಳಿದ ಕಾರಣವನ್ನು ಮೊದಲು ಕೇಳಬೇಕು. 1798ನೆಯ ಜನವರಿಯಲ್ಲಿ ಮಾರಿಷಸ್ ದ್ವೀಪದ ಫ್ರೆಂಚ್ ಗವರ್ನರ್ ಮಲಾರ್ತಿಕ್ ಎಂಬವನು ಒಂದು ಘೋಷಣೆಯನ್ನು ಹೊರಡಿಸಿದನು. ಟೀಪೂ ಸುಲ್ತಾನನು ಇಂಗ್ಲಿಷರ ವಿರುದ್ಧ ಫ್ರೆಂಚರ ಸಹಾಯವನ್ನು ಕೋರಿರುವನು, ಇಷ್ಟವುಳ್ಳವರು ಅವನ ಸೇನೆಗೆ ಸೇರಬಹುದು ಎಂದು ಅದರ ಸಾರಾಂಶ. ಗುಟ್ಟಾಗಿರಬೇಕಾದ ಮಾತನ್ನು ಹೀಗೆ ಡಂಗುರ ಹೊಡೆಸಿದ ರಾಯಭಾರವು ಲೋಕದಲ್ಲಿ ಅಪರೂಪವೆಂದೇ ಹೇಳಬೇಕು. ಏಪ್ರಿಲಿನಲ್ಲಿ ಮಂಗಳೂರಿಗೆ ಬಂದಿಳಿದ ಸ್ವಯಂಸೇವಕರು ಒಂದು ನೂರು ಮಂದಿಯೂ ಇರಲಿಲ್ಲ. ಆದರೂ ಕಲ್ಕತ್ತೆಯಲ್ಲಿ ಆಗತಾನೆ ಅಧಿಕಾರ ವಹಿಸಿದ್ದ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಗೆ ಆ ಘೋಷಣೆಯೇ ಸಾಕಾಯಿತು. ಸುಲ್ತಾನನು ಯುದ್ಧವನ್ನೇ ಸಾರಿದಂತಾಯಿತೆಂದು ಅವನು ನಿರ್ಣಯಿಸಿದನು.

ಆ ಭಯವು ಪೂರಾ ಕಟ್ಟುಕಥೆಯೆಂದು ನಾವು ಹೇಳುವುದಿಲ್ಲ. ಅದೇ ವರ್ಷದ ಜುಲೈ ತಿಂಗಳಿನಲ್ಲಿ ನೆಪೋಲಿಯನ್ ಬೋನಪಾರ್ಟನು ಈಜಿಪ್ಟಿಗೆ ಬಂದಿಳಿದಿದ್ದನು. ಸುಲ್ತಾನನೂ ಸಾಧುವಾಗಿ ಮನೆಯಲ್ಲಿ ಕುಳಿತವನಲ್ಲ. 1789ರ ಕೊನೆಯಲ್ಲಿ ತಿರುವಾಂಕೂರಿನ ಕೋಟೆಸಾಲಿನ ಮೇಲೆ ಬಿದ್ದವನು ಅವನೇ. ಅದರಿಂದ ಎದ್ದ ಯುದ್ಧದ ಕೊನೆಗೆ, 1792ರಲ್ಲಿ, ಅರ್ಧರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಒಪ್ಪಿಸಬೇಕಾಗಿ ಬಂದಿತು. ಇಬ್ಬರು ಮಕ್ಕಳನ್ನು ಒತ್ತೆಯಿಟ್ಟನು. ಶತ್ರುವಿನ ದನಕರುಗಳಿಗೆ ಮೇವು ಸಿಕ್ಕಬಾರದೆಂದು ಅವನ ಸವಾರರು ತಮ್ಮದೇ ನಾಡಿನ ಹುಲ್ಲುಗಾವಲನ್ನೂ ಹಳ್ಳಿಗಳನ್ನೂ ಸುಟ್ಟರು. ಸುಟ್ಟ ಹುಲ್ಲಿನ ಒಡೆಯನಾದ ಒಕ್ಕಲಿಗನಿಗೆ ಯಾರ ಪಕ್ಷ ನ್ಯಾಯವಾದುದೆಂದು ಹೋಗಿ ಕೇಳಿದವರಿಲ್ಲ.

ಆದರೆ ಇಲ್ಲಿ ತಾರೀಖುಗಳನ್ನು ಸ್ವಲ್ಪ ಗಮನವಿಟ್ಟು ನೋಡಬೇಕು. ಆಗಸ್ಟ್ 1ರಂದು ನೆಲ್ಸನ್ನನು ನೈಲ್ ನದಿಯ ಮುಖದ ಹತ್ತಿರ ಫ್ರೆಂಚ್ ನೌಕಾಬಲವನ್ನು ನಾಶಮಾಡಿದನು. ಬೋನಪಾರ್ಟನು ಈಜಿಪ್ಟಿನ ಮರಳಿನಲ್ಲಿ ಸಿಕ್ಕಿಬಿದ್ದನು. ಈ ಸುದ್ದಿ ಅಕ್ಟೋಬರ್ ಕೊನೆಯ ಹೊತ್ತಿಗೆ ಕಲ್ಕತ್ತೆಯನ್ನು ಮುಟ್ಟಿತು. ಹ್ಯಾರಿಸ್ ಸೇನಾಪತಿಗೆ ಮೈಸೂರಿನ ಮೇಲೆ ನಡೆಯುವಂತೆ ಅಪ್ಪಣೆಯಾದುದು 1799ನೆಯ ಫೆಬ್ರವರಿಯಲ್ಲಿ. ಅಂದರೆ ಯಾವ ಅಪಾಯವನ್ನು ತೋರಿಸಿ ಕತ್ತಿಯನ್ನು ಹಿರಿದರೋ ಆ ಅಪಾಯವು ಬಹುಮಟ್ಟಿಗೆ ಕಳೆದು ಮೂರು ತಿಂಗಳಾದ ಮೇಲೆ ಸೈನ್ಯವು ಹೊರಟಿತು. ಫ್ರೆಂಚರ ಹಡಗುಗಳು ಮುಳುಗಿದುದು ಯುದ್ಧವನ್ನು ಬಿಡುವುದಕ್ಕೆ ಕಾರಣವಾಗದೆ, ಇದೇ ತಕ್ಕ ಸಮಯವೆನ್ನುವುದಕ್ಕೆ ಕಾರಣವಾಯಿತು. ಆತ್ಮರಕ್ಷಣೆಗೆಂದು ಹೊರಟ ಯುದ್ಧವನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಒರೆಗಲ್ಲು ನಮಗೆ ಕಾಣುವುದಿಲ್ಲ. ಭಯವು ತಗ್ಗಿದಾಗ ಕತ್ತಿಯೂ ತಗ್ಗಿದರೆ ಆ ಭಯವು ನಿಜವಾಗಿದ್ದಿತೆಂದು ನಂಬಬಹುದು. ಭಯವು ತಗ್ಗಿ ಕತ್ತಿಯು ಮೇಲೆದ್ದರೆ ಬೇರೆ ಏನನ್ನೋ ಹುಡುಕಬೇಕಾಗುವುದು.

ಮೇ 4ರ ಮಧ್ಯಾಹ್ನ ಕೋಟೆಯ ಗೋಡೆಯ ಬಿರುಕಿನಲ್ಲಿ ಸೈನ್ಯವು ನುಗ್ಗಿತು. ಮುಂದೆ ನಿಂತು ನಡೆಸಿದವನು ಬೇರ್ಡ್. ಹಿಂದೆ ಇದೇ ಪಟ್ಟಣದಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಸೆರೆಯಲ್ಲಿದ್ದವನು. ಆ ರಾತ್ರಿ ಕೋಟೆಯ ಬಾಗಿಲೊಂದರಲ್ಲಿ ಹೆಣಗಳ ರಾಶಿಯ ನಡುವೆ ಸುಲ್ತಾನನ ದೇಹವು ಸಿಕ್ಕಿತು. ಪಟ್ಟಣದೊಳಗೆ ಲೂಟಿ ಮೊದಲಾಯಿತು. ಗವರ್ನರ್ ಜನರಲನ ತಮ್ಮನಾದ ಆರ್ಥರ್ ವೆಲ್ಲೆಸ್ಲಿಯೇ, ಮುಂದೆ ವೆಲಿಂಗ್ಟನ್ ಡ್ಯೂಕನಾದವನು, ಲೂಟಿಯಾಗದೆ ಉಳಿದ ಮನೆ ಇಲ್ಲವೆನ್ನಬಹುದೆಂದು ಬರೆದಿದ್ದಾನೆ. ಕೆಲವು ಸಿಪಾಯಿಗಳನ್ನು ನೇಣಿಗೆ ಹಾಕಿಸಿ ಅವನು ಅದನ್ನು ನಿಲ್ಲಿಸಬೇಕಾಯಿತು.

ಹೀಗೆ ಸಿಪಾಯಿಯ ಲೂಟಿಗೆ ನೇಣಾಯಿತು. ಅದರ ಮೇಲೆ ಕ್ರಮವಾದ ಹಂಚಿಕೆ ಪ್ರಾರಂಭವಾಯಿತು! ಗೆದ್ದ ಸೊತ್ತನ್ನು ಪಟ್ಟಿ ಮಾಡಿ, ಬೆಲೆ ಕಟ್ಟಿ, ದರ್ಜೆಯ ಪ್ರಕಾರ ಹಂಚುವುದಕ್ಕೆ ಏಜೆಂಟರು ನೇಮಕವಾದರು. ಒಟ್ಟು ಬೆಲೆ 11,43,216 ಪೌಂಡು. ಇದರಲ್ಲಿ ಎಂಟನೆಯ ಒಂದು ಪಾಲು, 1,42,902 ಪೌಂಡು, ಹ್ಯಾರಿಸ್ ಸೇನಾಪತಿಯೊಬ್ಬನಿಗೇ ಹೋಯಿತು. ಬಿರುಕನ್ನು ಹತ್ತಿದ ಸಾಮಾನ್ಯ ಸೈನಿಕನಿಗೆ ಬೆರಳಲ್ಲಿ ಎಣಿಸುವಷ್ಟು ಪೌಂಡುಗಳು ಬಂದುವು; ದೇಶೀಯ ಸಿಪಾಯಿಗೆ ಅದಕ್ಕೂ ಕಡಮೆ. ಸೇನಾಪತಿಯು ಎಂಟನೆಯ ಒಂದಲ್ಲ, ಹದಿನಾರನೆಯ ಒಂದು ಪಾಲನ್ನು ಮಾತ್ರ ತೆಗೆದುಕೊಳ್ಳಬೇಕಾಗಿದ್ದಿತೆಂದು ಕಂಪನಿಯೇ ಅವನ ಮೇಲೆ ವ್ಯಾಜ್ಯ ಹೂಡಿತು. ವ್ಯಾಜ್ಯವು ಕೆಲವು ವರ್ಷ ನಡೆದು, ಕೊನೆಗೆ ಪ್ರಿವಿ ಕೌನ್ಸಿಲಿನಲ್ಲಿ ಅವನ ಪರವಾಗಿ ತೀರ್ಪಾಯಿತು. ಯುದ್ಧವು ನ್ಯಾಯವೇ ಎಂಬ ಪ್ರಶ್ನೆಯು ಯಾವ ನ್ಯಾಯಸ್ಥಾನದ ಮೆಟ್ಟಿಲನ್ನೂ ಹತ್ತಲಿಲ್ಲ. ಎಂಟೋ ಹದಿನಾರೋ ಎಂಬುದು ಇಂಗ್ಲೆಂಡಿನ ಕಡೆಯ ನ್ಯಾಯಪೀಠದವರೆಗೂ ಹೋಯಿತು.

ಸುಲ್ತಾನನ ಸಿಂಹಾಸನವನ್ನು ಇಡಿಯಾಗಿ ದೊರೆಗೆ ಕಾಣಿಕೆಯಾಗಿ ಕಳುಹಿಸಬೇಕೆಂದು ಗವರ್ನರ್ ಜನರಲನಿಗೆ ಆಸೆಯಿದ್ದಿತು. ಆದರೆ ಅವನ ಮಾತು ಬರುವುದರೊಳಗೆ ಏಜೆಂಟರು ಚಿನ್ನದ ತಗಡನ್ನು ಹಂಚುವುದಕ್ಕಾಗಿ ಅದನ್ನು ಒಡೆದುಬಿಟ್ಟಿದ್ದರು. ಹುಲಿಯ ತಲೆಯೂ ಹುಮಾ ಪಕ್ಷಿಯೂ ಇಂಗ್ಲೆಂಡಿನ ಅರಮನೆಯ ಸಂಗ್ರಹವನ್ನು ಸೇರಿದುವು. ಸಿಪಾಯಿಯ ಎದೆಯ ಮೇಲೆ ಕುಳಿತು ಗರ್ಜಿಸುವ ಮರದ ಹುಲಿಯನ್ನು ಈಗಲೂ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂನಲ್ಲಿ ನೋಡಬಹುದು.

ಗವರ್ನರ್ ಜನರಲನ ವಿಷಯದಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಲೇಬೇಕು. ಅವನಿಗೆಂದು ಒಂದು ಲಕ್ಷ ಪೌಂಡು ಕೊಡುವ ಪ್ರಸ್ತಾಪ ಬಂದಾಗ ಅದು ಸೈನ್ಯದವರ ಪಾಲಿನಿಂದ ಹೋಗತಕ್ಕದ್ದೆಂದು ಅವನು ಬೇಡವೆಂದನು. ಬಳಿಕ ಕಂಪನಿಯು ಇಪ್ಪತ್ತು ವರ್ಷಗಳ ಕಾಲ ವರ್ಷಕ್ಕೆ 5,000 ಪೌಂಡುಗಳನ್ನು ಗೊತ್ತುಮಾಡಿತು. ಮಾರ್ಕ್ವಿಸ್ ಪದವಿಯೂ ಬಂದಿತು. ಅದು ಇಂಗ್ಲೆಂಡಿನ ಪದವಿಯಾಗದೆ ಐರ್ಲೆಂಡಿನದಾಯಿತೆಂದು ಅವನು ಬಹುಕಾಲ ಕೊರಗಿದನೆನ್ನುವುದು ಬೇರೆ ಕಥೆ. 1792ರಲ್ಲಿ ಕಾರ್ನ್‌ವಾಲಿಸ್ಸನೂ ಮೆಡೋಸ್ ಎಂಬ ಸೇನಾನಿಯೂ ತಮ್ಮ ಪಾಲನ್ನು ಪೂರಾ ಬಿಟ್ಟುಕೊಟ್ಟಿದ್ದರು. ಇವರ ಕೈ ಶುದ್ಧವೆಂದು ಒಪ್ಪೋಣ. ಆದರೆ ಅದೇ ಶುದ್ಧವಾದ ಕೈ ಅರ್ಧರಾಜ್ಯವನ್ನು ಬರೆಸಿಕೊಂಡಿತು. ಯುದ್ಧದ ಲಾಭವೆಂದರೆ ಜೇಬಿಗೆ ಇಳಿಸಿದ ಆಭರಣವೇ ಎಂದು ತಿಳಿದವರು ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿಯೇ ನಿಂತುಬಿಡುತ್ತಾರೆ. ದೊಡ್ಡ ಮೊತ್ತಗಳಿರುವುದು ಒಪ್ಪಂದದ ಪುಟಗಳಲ್ಲಿ.

ಜೂನ್ 30ರಂದು ಐದು ವರ್ಷದ ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಹಳೆಯ ರಾಜವಂಶಕ್ಕೆ ನಾಡು ಮರಳಿದುದು ಸಂತೋಷದ ವಿಷಯವೇ. ಕೆಲವೇ ದಿನಗಳಲ್ಲಿ, ಜುಲೈ 8ರಂದು, ಸಹಾಯಕ ಸೈನ್ಯದ ಕರಾರು ಆಯಿತು. ನಾಡಿನ ರಕ್ಷಣೆಗಾಗಿ ಕಂಪನಿಯ ಸೈನ್ಯ. ಅದರ ವೆಚ್ಚಕ್ಕೆ ವರ್ಷಕ್ಕೆ 7 ಲಕ್ಷ ನಕ್ಷತ್ರ ವರಾಹ, ಅಂದರೆ ಸುಮಾರು 24½ ಲಕ್ಷ ರೂಪಾಯಿ. ವರಾಹಕ್ಕೆ 8 ಷಿಲಿಂಗಿನಂತೆ ಗುಣಿಸಿ ನೋಡಿ. ಕೋಟೆಯಲ್ಲಿ ಸಿಕ್ಕಿದ ಸಮಸ್ತ ಸಂಪತ್ತೂ ಹೆಚ್ಚು ಕಡಮೆ ನಾಲ್ಕು ವರ್ಷದ ಪೊಗದಿಗೆ ಸಮನಾಗುತ್ತದೆ. ಲೂಟಿಯು ಒಂದೇ ರಾತ್ರಿಯದು, ಪೊಗದಿಯು ತಲೆಮಾರುಗಳದು. 1881ರಲ್ಲಿ ರಾಜ್ಯವು ಅರಸರಿಗೆ ಮರಳಿ ಬರುವವರೆಗಿನ 82 ವರ್ಷಗಳಿಗೆ ಈ ದರದಂತೆ 20 ಕೋಟಿ ರೂಪಾಯಿ ಆಯಿತು. ಆ ವರ್ಷ ಅದನ್ನು 35 ಲಕ್ಷಕ್ಕೆ ಏರಿಸಿದರು. 1876ರಿಂದ 78ರವರೆಗಿನ ಮಹಾಕ್ಷಾಮದಿಂದ ನಾಡು ಇನ್ನೂ ಚೇತರಿಸಿರಲಿಲ್ಲವಾದ್ದರಿಂದ ಏರಿಸಿದ ಭಾಗದ ವಸೂಲಿಯನ್ನು 1896ರವರೆಗೆ ಮುಂದಕ್ಕೆ ಹಾಕಬೇಕಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಬೆಳ್ಳಿಹಬ್ಬದ ಕಾಲಕ್ಕೆ, 1927ರಲ್ಲಿ, ಹೆಚ್ಚಳವನ್ನು ಬಿಟ್ಟುಕೊಡುವುದಾಗಿ ಸಾರಿದಾಗ ಮೈಸೂರು ಸಂಭ್ರಮಪಟ್ಟಿತು. ಸಂಭ್ರಮಪಟ್ಟವರಲ್ಲಿ ಎಷ್ಟು ಮಂದಿಗೆ ಅದು 1799ನೆಯ ಮೇ 4ರ ಬಿಲ್ಲೆಂಬುದು ನೆನಪಿದ್ದಿತೋ ತಿಳಿಯದು.

ಜೊತೆಗೂಡಿದ ನಿಜಾಮನಿಗೂ ಸೀಮೆಗಳು ಬಂದುವು. ಮರುವರ್ಷವೇ, 1800ರಲ್ಲಿ, ಅವನು ತನ್ನಲ್ಲಿ ಇರಿಸಿದ ಕಂಪನಿಯ ಸೈನ್ಯದ ವೆಚ್ಚಕ್ಕೆಂದು ಮೈಸೂರಿನಿಂದ ಪಡೆದುದನ್ನೆಲ್ಲ ಕಂಪನಿಗೇ ಬಿಟ್ಟುಕೊಟ್ಟನು. ಬಳ್ಳಾರಿಯ ಕಡೆಯ ಕನ್ನಡಿಗರು ಮದರಾಸಿನ ಆಡಳಿತಕ್ಕೆ ಹೋದುದು ಈ ದಾರಿಯಿಂದಲೇ.

ಈ ಹಣಕ್ಕೆ ಪ್ರತಿಯಾಗಿ ನಾಡಿಗೆ ಶಾಂತಿ ಸಿಕ್ಕಿತಲ್ಲ, ಅದಕ್ಕೆ ಬೆಲೆಯಿಲ್ಲವೇ ಎಂದು ಕೇಳುವವರುಂಟು. ಬೆಲೆಯುಂಟು. ಮರಾಠರ ಕುದುರೆಯ ಗೊರಸಿನ ಸದ್ದು ಕೇಳಿದರೆ ಊರು ಬಿಟ್ಟು ಓಡುತ್ತಿದ್ದ ಒಕ್ಕಲಿಗನು ಆ ಭಯವಿಲ್ಲದೆ ಬಿತ್ತನೆ ಮಾಡಿದನು. ಇದು ನಿಜವಾದ ಲಾಭ. ಇದನ್ನು ಲೆಕ್ಕದಿಂದ ಬಿಡುವುದು ಪಕ್ಷಪಾತವಾಗುತ್ತದೆ. ಆದರೆ ತಾನು ಕೇಳದ ಸರಕಿಗೆ, ತಾನು ಒಪ್ಪದ ದರದಲ್ಲಿ, ತನ್ನ ಮೊಮ್ಮಕ್ಕಳೂ ಹಣ ಕಟ್ಟುವಂತೆ ಆ ಒಕ್ಕಲಿಗನ ಪರವಾಗಿ ಸಹಿ ಹಾಕಿದವರು ಬೇರೆ. ಯುದ್ಧದ ಲಾಭನಷ್ಟಗಳಲ್ಲಿ ನಮಗೆ ಮುಖ್ಯವಾಗಿ ತೋರುವ ಸಂಗತಿ ಇದು.

ಇಲ್ಲಿಯವರೆಗಿನ ಮಾತೆಲ್ಲ ಪರಕೀಯರ ಲಾಭದ್ದು. ಕೇಳುವುದಕ್ಕೆ ಇಂಪಾಗಿಯೇ ಇರುತ್ತದೆ. ಈಗ ನಮ್ಮ ಮನೆಗೆ ಬರೋಣ. 1914ಕ್ಕೆ ಮುಂಚೆ ಮೈಸೂರಿನ ಶ್ರೀಗಂಧದ ಮರವು ಹರಾಜಾಗಿ, ಎಣ್ಣೆ ತೆಗೆಯುವುದಕ್ಕೆ ಬಹುಪಾಲು ಜರ್ಮನಿಗೆ ಹೋಗುತ್ತಿದ್ದಿತು. ಯುದ್ಧವು ಆ ದಾರಿಯನ್ನು ಮುಚ್ಚಿತು. ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ಬೆಂಗಳೂರಿನ ವಿಜ್ಞಾನ ಮಂದಿರದ ನೆರವಿನಿಂದ, 1916ರಲ್ಲಿ ಇಲ್ಲಿಯೇ ಗಂಧದೆಣ್ಣೆ ತೆಗೆಯಲು ತೊಡಗಿದರು. ಸಾಬೂನೂ ಅದರ ಹಿಂದೆಯೇ ಬಂದಿತು. ಅದೇ ಯುದ್ಧಕ್ಕೆ ಮೈಸೂರಿನ ಬೊಕ್ಕಸದಿಂದ 50 ಲಕ್ಷ ರೂಪಾಯಿ ಹೋಯಿತು. 1918ನೆಯ ಸೆಪ್ಟೆಂಬರ್ 23ರಂದು ನಮ್ಮ ರಾವುತರು ಜೋಧಪುರದವರ ಜೊತೆಯಲ್ಲಿ ದೂರದ ಹೈಫಾ ನಗರದ ಮೇಲೆ ಕುದುರೆ ಬಿಟ್ಟರು. ಎರಡನೆಯ ಮಹಾಯುದ್ಧದಲ್ಲಿ ಮೈಸೂರು ಸೀಮೆಯ ರೇಷ್ಮೆಗೆ ಪ್ಯಾರಷೂಟಿನ ಗಿರಾಕಿ ಬಂದನು. 1940ರಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ಎದ್ದಿತು. ಅದರಿಂದ ಅನ್ನ ಕಂಡ ಕುಟುಂಬಗಳು ಈ ಮಾತನ್ನು ಕೇಳುತ್ತಿರುವವರಲ್ಲಿಯೂ ಇರಬಹುದು. ಗಂಧದ ಸಾಬೂನು ಹಚ್ಚಿ ಮಿಂದವರೆಲ್ಲರೂ ಯುದ್ಧದ ಪಾಲುಗಾರರೆಂದು ನಾವು ದೂರುವುದಿಲ್ಲ. ಯುದ್ಧವನ್ನು ನಾವು ಬಯಸಲಿಲ್ಲ. ಮುಚ್ಚಿದ ಬಾಗಿಲಿನ ಪಕ್ಕದಲ್ಲಿ ಬೇರೊಂದನ್ನು ತೆರೆದುಕೊಂಡೆವು, ಅಷ್ಟೇ. ಆದುದರಿಂದ ಲಾಭವಾಯಿತೆಂಬ ಮಾತ್ರಕ್ಕೆ ಅಪರಾಧವಾಯಿತೆಂದು ತೀರ್ಮಾನಿಸಕೂಡದು. ಲಾಭ ಪಡೆದವನು ಯುದ್ಧವನ್ನು ಬೇಕೆಂದವನೇ, ಇಲ್ಲವೇ ಅದನ್ನು ಬೆಳೆಸಿದವನೇ ಎಂಬುದನ್ನು ವಿಚಾರಿಸಬೇಕು.

ಇನ್ನು ಯುದ್ಧದ ಉದ್ದೇಶವು ನ್ಯಾಯವಾಗಿದ್ದರೆ ಲಾಭವೂ ಶುದ್ಧವಾಗುವುದೇ? ಹಿಟ್ಲರನ ವಿರುದ್ಧ ನಡೆದ ಯುದ್ಧವನ್ನು ಅನ್ಯಾಯವೆನ್ನುವುದಕ್ಕೆ ನಮಗೆ ಬಾಯಿ ಬಾರದು. ಮನೆಯೊಳಗೆ ನುಗ್ಗಿದವನಿಗೆ ಪೋಲೆಂಡಿನವರಾಗಲಿ ರಷ್ಯದವರಾಗಲಿ ಕೈಮುಗಿದು ನಿಲ್ಲಬೇಕಾಗಿದ್ದಿತೆಂದು ಯಾರು ಹೇಳಬಲ್ಲರು? ಆದರೂ ಅದೇ ಯುದ್ಧದ ನೆರಳಿನಲ್ಲಿ 1943ರ ಬಂಗಾಳದ ಕ್ಷಾಮವು ನಡೆಯಿತು. ಬರ್ಮದ ಅಕ್ಕಿ ನಿಂತಿತು, ಶತ್ರುವಿಗೆ ಸಿಕ್ಕಬಾರದೆಂದು ಕರಾವಳಿಯ ದೋಣಿಗಳನ್ನು ಸರ್ಕಾರವು ತೆಗೆಸಿತು, ಬೆಲೆ ಏರಿತು, ಇದ್ದವರು ಬಚ್ಚಿಟ್ಟರು. ವಿಚಾರಣಾ ಆಯೋಗವು 1945ರ ವರದಿಯಲ್ಲಿ ಸತ್ತವರು ಸುಮಾರು 15 ಲಕ್ಷವೆಂದಿತು. ಬಳಿಕ ವಿಚಾರಿಸಿದ ವಿದ್ವಾಂಸರು 30 ಲಕ್ಷದವರೆಗೆ ಹೇಳಿದ್ದಾರೆ. ಆ ವರದಿಯಲ್ಲಿಯೇ ಮತ್ತೊಂದು ಅಂಕಿಯುಂಟು. ಆ ವರ್ಷ ಅಕ್ಕಿಯ ಕ್ರಯವಿಕ್ರಯದಲ್ಲಿ ಬಂದ ಅಸಾಧಾರಣ ಲಾಭವು 150 ಕೋಟಿ ರೂಪಾಯಿ. ಒಂದೊಂದು ಸಾವಿಗೂ ಸಾವಿರ ಸಾವಿರ ರೂಪಾಯಿಯ ಹೆಚ್ಚುಲಾಭವಾಯಿತೆಂದು ಅವರು ಲೆಕ್ಕ ಹಾಕಿದ್ದಾರೆ. ಸಾವಿರ ರೂಪಾಯಿ ಪಡೆದವನು ಯುದ್ಧವನ್ನು ಹೂಡಿದವನಲ್ಲ, ಕತ್ತಿ ಹಿಡಿದವನಲ್ಲ. ಗೋದಾಮಿನ ಬೀಗದ ಕೈಯನ್ನು ಮಾತ್ರ ಹಿಡಿದಿದ್ದನು. ಯುದ್ಧದ ಧ್ಯೇಯವು ಎಷ್ಟೇ ದೊಡ್ಡದಾಗಿದ್ದರೂ ಆ ಬೀಗದ ಕೈಯನ್ನು ತೊಳೆಯಲಾರದು.

ಇದು ಸರ್ಕಾರಗಳಿಗೆ ತಿಳಿಯದ ವಿಷಯವಲ್ಲ. 1915ರಲ್ಲಿ ಬ್ರಿಟನ್ನು ಯುದ್ಧಕಾಲದ ಹೆಚ್ಚುಲಾಭದ ಮೇಲೆ ನೂರಕ್ಕೆ 50ರಂತೆ ತೆರಿಗೆ ಹಾಕಿತು. 1917ರಲ್ಲಿ ಅದು 80 ಆಯಿತು. 1940ರಲ್ಲಿ ನೂರಕ್ಕೆ ನೂರು. ಸೈನಿಕನಿಂದ ಪ್ರಾಣವನ್ನು ಕೇಳುವ ರಾಜ್ಯವು ವರ್ತಕನಿಂದ ಹೆಚ್ಚುಲಾಭವನ್ನು ಕೇಳುವುದು ಅತಿಯಾಯಿತೆಂದು ಗೊಣಗಿದವರು ಇಲ್ಲದಿರಲಿಲ್ಲ. ನಮ್ಮ ಮಟ್ಟಿಗೆ, ಯಾವುದೇ ರಾಜ್ಯವು ತನ್ನ ಯುದ್ಧವು ನ್ಯಾಯವೆಂದು ಸಾರಿದ ದಿನವೇ ಇಂಥ ತೆರಿಗೆಯನ್ನೂ ಸಾರಿದರೆ ಅದರ ಮಾತಿಗೆ ಸ್ವಲ್ಪ ಹೆಚ್ಚಾಗಿ ಕಿವಿಗೊಡಬಹುದು. ಭಾಷಣವನ್ನು ಬರೆಯುವುದು ಸುಲಭ, ಲಾಭವನ್ನು ಬಿಡುವುದು ಕಷ್ಟ.

ಕೊನೆಯದಾಗಿ, ನಮ್ಮ ನಾಡಿನದೇ ಒಂದು ಹಳೆಯ ಲೆಕ್ಕಪತ್ರ. ಕಾಳಗದಲ್ಲಿಯೋ ತುರುಗಳನ್ನು ಬಿಡಿಸುವಲ್ಲಿಯೋ ಸತ್ತವನ ಮನೆಯವರಿಗೆ ಭೂಮಿ ಬಿಡುವ ಪದ್ಧತಿ ಕನ್ನಡನಾಡಿನಲ್ಲಿದ್ದಿತು. ಅದಕ್ಕೆ ನೆತ್ತರುಗೊಡಗೆಯೆಂದು ಹೆಸರು. ಇಷ್ಟು ಮುಚ್ಚುಮರೆಯಿಲ್ಲದ ಹೆಸರನ್ನು ನಾವು ಬೇರೆಲ್ಲಿಯೂ ಕೇಳಿಲ್ಲ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ವೀರಗಲ್ಲನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು, ಅದು ಕ್ರಿ.ಶ. 900ರ ಸುಮಾರಿನದು. ಗಂಗರ ಅರಸನಾದ ಎರೆಯಪ್ಪನು ವೀರಮಹೇಂದ್ರನೊಡನೆ ಕಾದಲು ಅಯ್ಯಪದೇವನ ನೆರವಿಗೆ ನಾಗತ್ತರನನ್ನು ಕಳುಹಿಸಿದನು. ತುಂಬೆಪಾಡಿಯಲ್ಲಿ ಕಾಳಗವು ಸೋಲಿನ ಕಡೆಗೆ ತಿರುಗಿದಾಗ ನಾಗತ್ತರನು ಆನೆಗಳೊಡನೆ ಹೋರಾಡಿ ಸತ್ತನು. ಅದನ್ನು ಕೇಳಿ ಅರಸನು ಮೆಚ್ಚಿ, ಇರುಗನೆಂಬವನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಆ ಬೆಂಪೂರೇ ಈಗಿನ ಬೇಗೂರು. ಸತ್ತವನಾರು, ಪಡೆದವನಾರು, ಪಡೆದುದೇನು ಎಂಬುದೆಲ್ಲವೂ ಆ ಕಲ್ಲಿನಲ್ಲಿ ಸ್ಪಷ್ಟವಾಗಿದೆ; ಕೊಟ್ಟ ಹಳ್ಳಿಗಳ ಹೆಸರುಗಳೂ ಒಂದೊಂದಾಗಿ ಇವೆ. ವೀರಮಹೇಂದ್ರನೊಡನೆ ಯುದ್ಧವು ಏತಕ್ಕೆ ಬಂದಿತೆಂಬುದನ್ನು ಮಾತ್ರ ಅದರಲ್ಲಿ ಬರೆದಿಲ್ಲ.